ಬೆಸುಗೆ ಹಿಡಿಯದ ಲೋಹ

ನಿಪ್ಪಾಣಿಯ ಹತ್ತಿರ ಹೆದ್ದಾರಿಯ ಪಕ್ಕದ ಒಂದು ವರ್ಕ್‌ಶಾಪಿನಲ್ಲಿ ನಾನು ಮಾಲು ತಪಾಸಣೆ ಮಾಡುತ್ತಿದ್ದೆ. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ಕೆಲಸ. ಅಲ್ಲಿ ವಿಮಾನದ ಸಣ್ಣ ಭಾಗಗಳನ್ನು ಕೊರೆಯುತ್ತಿದ್ದರು. ಅದಕ್ಕೆ ಬರುತ್ತಿದ್ದ ಅಲ್ಯೂಮಿನಿಯಂನಲ್ಲಿ ಸತು, ಮೆಗ್ನೀಷಿಯಂ, ತಾಮ್ರ ಬೆರೆತಿರುತ್ತಿದ್ದವು. ತೂಕ ಉಕ್ಕಿನ ಮೂರನೇ ಒಂದು ಪಾಲು, ಬಲದಲ್ಲಿ ಮಾಮೂಲಿ ಉಕ್ಕಿಗೆ ಕಡಿಮೆಯಿಲ್ಲ. ಆದರೆ ಬೆಸುಗೆ ಹಾಕಿದರೆ ಆರುವಾಗ ಒಳಗೇ ಬಿರುಕು ಬಿಡುತ್ತದೆ. ವಿಮಾನದಲ್ಲಿ ಅದನ್ನು ರಿವೆಟ್ ಹೊಡೆದೇ ಕೂಡಿಸುತ್ತಾರೆ.

ನಮ್ಮಲ್ಲಿ ಒಬ್ಬ ವಯಸ್ಸಾದ ವೆಲ್ಡರ್ ಇದ್ದರು. ಮಶೀನುಗಳ ಸ್ಟ್ಯಾಂಡು, ಟ್ರಾಲಿ, ಗೇಟು ಎಲ್ಲ ಅವರ ಕೈಯಲ್ಲೇ ಆದವು. ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಸೇರಿದ ಹೊಸದರಲ್ಲಿ ಹೆಣ್ಣೆಂದು ಯಾರೂ ನನಗೆ ಏನೂ ಹೇಳಿಕೊಡದಿದ್ದಾಗ ಡ್ರಾಯಿಂಗ್ ಓದಲು ಕಲಿಸಿದ್ದು ಅವರೇ.

ಒಂದು ದಿನ ಹೊರಗಿನಿಂದ ಬಂದ ಗಿರಾಕಿಗಳ ಎದುರಿಗೇ ಕಾಕಾ ಮಾಲಕರ ತಪ್ಪು ಅಳತೆಯನ್ನು ತಿದ್ದಿಬಿಟ್ಟರು. ಮಾಲಕರು ಆಗ ನಕ್ಕರು. ಮರುದಿನ ನನ್ನನ್ನು ಕರೆದು, "ವಿಮಾನದ ಮಾಲಿಂದು ಎರಡು ತುಂಡು ತಗೊಂಬಾ. ಏನಂತ ಆ ಮುದುಕಗ ಹೇಳಬ್ಯಾಡ," ಎಂದರು.

ಪಕ್ಕದ ರ್‍ಯಾಕಿನಲ್ಲಿ ಬೆಸುಗೆ ಹಿಡಿಯುವ ಸಾದಾ ಅಲ್ಯೂಮಿನಿಯಂ ಇತ್ತು. ನೋಡಲು ಎರಡೂ ಒಂದೇ. ಅದನ್ನು ಒಯ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾಲಕರು ಹೇಳಿದ್ದನ್ನೇ ನಾನು ಒಯ್ದೆ.

ಚಹಾದ ಹೊತ್ತಿಗೆ ಮಾಲಕರು ಎಲ್ಲರನ್ನೂ ಸೇರಿಸಿದರು. "ನನ್ನ ಕೈಯಾಗ ಹಿಡಿಲಾರದ ಮಾಲ ಇಲ್ಲ ಅಂತಿದ್ದೆಲ್ಲ? ಇವೆರಡು ಕೂಡಿಸಿ ತೋರಸು."

ಕಾಕಾ ತುಂಡನ್ನು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿದರು. "ಯಾವ ಮಾಲ ಐತಿ ಇದು, ತಂಗಿ?"

"ಅಲ್ಯೂಮಿನಿಯಂ, ಕಾಕಾ," ಎಂದೆ.

ಅವರು ಅವಸರ ಮಾಡಲಿಲ್ಲ. ಬ್ರಷ್ ಹಾಕಿ ಉಜ್ಜಿ, ಮುಖಕ್ಕೆ ಗಾಜು ಇಳಿಸಿಕೊಂಡು ಕೂತರು. ಅಷ್ಟು ಚಂದದ ಬೆಸುಗೆಯನ್ನು ನಾನು ಮತ್ತೆ ನೋಡಿಲ್ಲ. ಎಲ್ಲರೂ ವಾಹ್ ಎಂದರು. ಮಾಲಕರು ತಣ್ಣಗಾಗಲು ಬಿಟ್ಟು, ನಿಧಾನಕ್ಕೆ ಚಹಾ ಕುಡಿದು, ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಬೆಸುಗೆಯ ಗುಂಟ ಬಿರಿದು ತುಂಡೆರಡೂ ಬೇರೆಯಾದವು.

"ಮುಗೀತಲ್ಲ ನಿಂದು? ನಾಳಿಂದ ಬರಬ್ಯಾಡ."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಕಾ ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಬಹಳ ಹೊತ್ತು ನಿಂತಿದ್ದು, ಬುತ್ತಿ ಡಬ್ಬಿ ತೆಗೆದುಕೊಂಡು ಹೋದರು.

ಮುಂದಿನ ವರ್ಷ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಯಾವುದೋ ಕಲ್ಯಾಣ ಮಂಟಪದ ಕಾವಲುಗಾರನ ಅಂಗಿ ತೊಟ್ಟಿದ್ದರು.

"ವೆಲ್ಡಿಂಗ್ ಬಿಟ್ರೇನ್ರಿ ಕಾಕಾ?"

"ಬಿಟ್ಟೆ ತಂಗಿ. ಅವತ್ತ ನೋಡಿದೆಲ್ಲ, ಒಂದ ಏಟಿಗೆ ಹೋತು. ಕೈ ನಡಗತಾವೋ, ಕಣ್ಣ ಹೋಗ್ಯಾವೋ, ನನಗ ಗೊತ್ತಾಗವಲ್ದು. ಯಾರದರ ಟ್ರಾಲಿ ಮುರದು ಜೀವ ಹೋದ್ರ ಏನ್ ಮಾಡ್ಲಿ?"

ಅವರ ಕೈ ನಡುಗುತ್ತಿರಲಿಲ್ಲ. ಆ ಲೋಹವನ್ನು ಯಾರು ಬೆಸೆದರೂ ಹಾಗೇ ಆಗುತ್ತಿತ್ತು ಎಂದು ಹೇಳಬಹುದಿತ್ತು. ಹೇಳಿದರೆ, ನಿನಗೆ ಮೊದಲೇ ಗೊತ್ತಿತ್ತೇನು ಎಂದು ಕೇಳುತ್ತಿದ್ದರು.

"ವಯಸ್ಸಾತಲ್ರಿ ಕಾಕಾ," ಎಂದೆ.

"ಹೌದವಾ," ಎಂದು ತಲೆಯಾಡಿಸಿದರು. ನಾನು ಹತ್ತಬೇಕಿದ್ದ ಕಬ್ಬೂರಿನ ಬಸ್ಸು ಬಂತು. ನನಗೆ ಸೀಟು ಸಿಗಲೆಂದು ಅವರೇ ಓಡಿ, ಕಿಟಕಿಯಿಂದ ಒಳಗೆ ತಮ್ಮ ಟವೆಲ್ ಹಾಕಿದರು.