ಷಡ್ಡಕನ ಹೊಸ ಕ್ಯಾಮೆರಾ

ಫೋಟೋ ಸ್ಟುಡಿಯೋಕ್ಕೆ ಬಂದವರು ಯಾರೇ ಆಗಲಿ, ಸ್ಟೂಲಿನ ಮೇಲೆ ಕೂತ ಕೂಡಲೇ ಅವನು ಹೇಳುತ್ತಿದ್ದ ಮೊದಲ ಮಾತು, "ಗದ್ದ ಸ್ವಲ್ಪ ಕೆಳಗೆ." ಇಪ್ಪತ್ತೆರಡು ವರ್ಷ ಇದನ್ನೇ ಹೇಳಿದವನನ್ನು ಊರು ಗದ್ದಣ್ಣ ಎಂದು ಕರೆಯದೆ ಇನ್ನೇನು ಕರೆದೀತು? ಶಾಲೆಗೆ ಸೇರುವಾಗ ಅವನ ಮುಂದೆ ಅತ್ತ ಹುಡುಗಿಯರು ಈಗ ತಮ್ಮ ಮಕ್ಕಳನ್ನು ಕರೆತಂದು, "ಗದ್ದಣ್ಣ, ಇವಳು ನನಗಿಂತ ಜೋರಾಗಿ ಅಳ್ತಾಳೆ, ಹುಷಾರು" ಅನ್ನುತ್ತಿದ್ದರು. ಅವನೂ ಅಷ್ಟೇ, ಅಳುವ ಮಗುವಿಗೆ ಹೆದರಿದವನಲ್ಲ.

ಅವನ ಕ್ಯಾಮೆರಾಕ್ಕೆ ಹನ್ನೆರಡು ವರ್ಷ. ಹಿಡಿಯುವ ಕಡೆಯ ರಬ್ಬರು ಎದ್ದುಬಂದು, ಅಂಟು ಹಾಕಿ, ಮತ್ತೆ ಎದ್ದುಬಂದು, ಈಗ ಬೆವರಿಗೇ ಅಂಟಿಕೊಂಡಿತ್ತು. ಬೆಳಕು ಕಡಿಮೆಯಾದರೆ ಫೋಟೋ ಪೂರ್ತಿ ರವೆ ಉದುರಿಸಿದ ಹಾಗೆ ಕಾಳುಕಾಳು. ಗುಂಡಿ ಒತ್ತಿದರೆ ಬರುವ ಸದ್ದಿಗೆ ಮಲಗಿದ್ದ ಮಗು ಏಳುತ್ತಿತ್ತು. ಆದರೂ ಎದುರು ರಸ್ತೆಯಲ್ಲಿ ಗಾಜಿನ ಬಾಗಿಲಿನ ಇನ್ನೊಂದು ಸ್ಟುಡಿಯೋ ಬಂದಾಗ ಗದ್ದಣ್ಣನ ಹೊಟ್ಟೆ ಉರಿಯಲಿಲ್ಲ. ಅವರವರ ಅನ್ನ ಅವರವರಿಗೆ ಎಂದುಕೊಂಡ. ಹೊಟ್ಟೆಕಿಚ್ಚು ಅಂದರೇನೆಂದು ಅವನಿಗೆ ಕಲಿಸಿದವನು ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ.

ಷಡ್ಡಕ ವಿಮಾ ಕಚೇರಿಯಲ್ಲಿ ಮ್ಯಾನೇಜರು. ಜೀವಮಾನದಲ್ಲಿ ಯಾರದೂ ಒಂದು ಪಾಸ್‌ಪೋರ್ಟ್ ಫೋಟೋ ತೆಗೆದವನಲ್ಲ. ಅಂಥವನು ಇದ್ದಕ್ಕಿದ್ದಂತೆ, ಆಗಷ್ಟೇ ಬಂದಿದ್ದ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡು ಕುತ್ತಿಗೆಗೆ ನೇತುಹಾಕಿಕೊಂಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಊಟದ ಮೇಜಿಗೂ ಕ್ಯಾಮೆರಾ ತರುತ್ತಿದ್ದ. ಕತ್ತಲಲ್ಲೂ ಕಾಳು ಬರುವುದಿಲ್ಲವಂತೆ. ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದಂತೆ. ಹಾಗಾದರೆ ಹಿಂದೆ ನಿಂತವನಿಗೆ ಏನು ಕೆಲಸ ಎಂದು ಕೇಳಬೇಕೆನಿಸಿದರೂ ಗದ್ದಣ್ಣ ಕೇಳಲಿಲ್ಲ.

ಅತ್ತೆಗೆ ಎಪ್ಪತ್ತೈದು ತುಂಬಿದ ದಿನ ಇಡೀ ಕುಟುಂಬ ಅವರ ಮನೆಯ ಮಹಡಿಯ ಮೇಲೆ ಸೇರಿತ್ತು. ಇಂಥ ಫೋಟೋ ತೆಗೆಯುವುದು ಮೊದಲಿನಿಂದಲೂ ಗದ್ದಣ್ಣನೇ. ಅವನು ತೆಗೆಯುವಾಗ ಹೆಂಡತಿ ಪಕ್ಕದಲ್ಲಿ ನಿಂತು ಥರ್ಮೊಕೋಲ್ ಹಲಗೆ ಹಿಡಿಯುತ್ತಿದ್ದಳು. ಹಲಗೆಯ ಒಂದು ಮುಖಕ್ಕೆ ಬೆಳ್ಳಿ ಕಾಗದ ಅಂಟಿಸಿತ್ತು. ಬಿಸಿಲನ್ನು ಅದರಿಂದ ಜನರ ಮುಖದ ಮೇಲೆ ತಿರುಗಿಸಿದರೆ ಕಣ್ಣ ಕೆಳಗಿನ ನೆರಳು ಹೋಗುತ್ತದೆ. ಅವತ್ತೂ ಸ್ಕೂಟರಿನ ಹಿಂದೆ ಅದನ್ನು ಅಪ್ಪಿಕೊಂಡೇ ಬಂದಿದ್ದಳು. ಅಷ್ಟರಲ್ಲಿ ಷಡ್ಡಕ ಮುಂದೆ ಬಂದು, "ದಿನಾ ನಿಮಗೆ ಇದೇ ಕೆಲಸ. ಇವತ್ತೊಂದಿನ ಆರಾಮಾಗಿರಿ, ನಾನು ತೆಗೀತೀನಿ. ನೀವಿಬ್ರೂ ಫೋಟೋದಲ್ಲಿ ಬನ್ನಿ" ಅಂದ. ಒಳ್ಳೆಯ ಮಾತೇ. ಆದರೆ ಗದ್ದಣ್ಣನ ಕಿವಿಗೆ ಅದು ಒಳ್ಳೆಯದಾಗಿ ಕೇಳಲಿಲ್ಲ.

"ಬೇಡ ಬೇಡ, ನೆರಳು ಜಾಸ್ತಿ ಇದೆ. ನಾನು ಹಲಗೆ ಹಿಡೀತೀನಿ. ಇವಳು ನಿಲ್ಲಲಿ," ಎಂದು ಹಲಗೆ ಕಿತ್ತುಕೊಂಡು ಬದಿಗೆ ಹೋಗಿ ನಿಂತ. ಹೆಂಡತಿ ಒಂದು ಗಳಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಳು, ಆಮೇಲೆ ಅಕ್ಕನ ಪಕ್ಕ ಹೋದಳು. ಷಡ್ಡಕ ಸದ್ದೇ ಇಲ್ಲದೆ ನಾಲ್ಕಾರು ತೆಗೆದ.

ಒಂದು ವಾರದಲ್ಲಿ ಅತ್ತೆಯ ಹಾಲ್‌ನಲ್ಲಿ ಫೋಟೋ ಕಿಟಕಿಯಷ್ಟು ದೊಡ್ಡದಾಗಿ ನೇತಾಡಿತು. ಅದಕ್ಕೆ ಜಾಗ ಬೇಕಿತ್ತಲ್ಲ, ಗದ್ದಣ್ಣ ತೆಗೆದ ಹಳೆಯ ಫೋಟೋ ಬಚ್ಚಲಿಗೆ ಹೋಗುವ ಓಣಿಗೆ ವರ್ಗವಾಯಿತು. ಅದನ್ನೂ ಅವನು ನುಂಗಿಕೊಂಡಾನು. ನುಂಗಲಾಗದ್ದು, ಆ ಹೊಸ ಫೋಟೋದಲ್ಲಿ ಅವನ ಹೆಂಡತಿ ನಗುತ್ತಿದ್ದಳು. ಬರೀ ತುಟಿ ಅಗಲಿಸಿದ ನಗುವಲ್ಲ. ಹಲ್ಲು, ಒಸಡು, ಕಣ್ಣ ಪಕ್ಕದ ಗೆರೆ ಎಲ್ಲವೂ ಸೇರಿ ನಗುತ್ತಿದ್ದವು. ಬಂದವರೆಲ್ಲ ಅತ್ತೆಯನ್ನು ಬಿಟ್ಟು ಅವಳನ್ನೇ ನೋಡಿ, "ಅಯ್ಯೋ, ನಮ್ಮ ಚಿಕ್ಕವಳು ಎಷ್ಟು ಚೆನ್ನಾಗಿ ಬಂದಿದ್ದಾಳೆ! ಕ್ಯಾಮೆರಾ ಅಂದ್ರೆ ಕ್ಯಾಮೆರಾ" ಅಂದರು.

ಗದ್ದಣ್ಣ ತೆಗೆದ ಅವಳ ಫೋಟೋ ಇದ್ದದ್ದು ಒಂದೇ, ಗುರುತಿನ ಚೀಟಿಗೆ ಬೇಕಾದದ್ದು. ತುಟಿ ಮುಚ್ಚಿ, ಗದ್ದ ಕೆಳಗೆ.

ಅಂದಿನಿಂದ ಅವನಿಗೆ ಊಟ ರುಚಿಸಲಿಲ್ಲ. ಅವಳು ಅವನ ಎದುರು ಹಾಗೆ ನಕ್ಕದ್ದುಂಟೇ? ನಕ್ಕಿರಬಹುದು, ಇವನ ಕ್ಯಾಮೆರಾಕ್ಕೆ ಸಿಕ್ಕಿಲ್ಲ. ಹಾಗಾದರೆ ಕ್ಯಾಮೆರಾದ್ದೇ ತಪ್ಪು. ಅಥವಾ ಭಾವನನ್ನು ಕಂಡರೆ ಅವಳಿಗೆ ನಗು ಬರುತ್ತದೆ, ತನ್ನನ್ನು ಕಂಡರೆ ಬರುವುದಿಲ್ಲ. ಎರಡರಲ್ಲಿ ಮೊದಲನೆಯದೇ ವಾಸಿ ಎನ್ನಿಸಿ, ಕ್ಯಾಮೆರಾ ಅಂಗಡಿಗೆ ಹೋದ. ಅಂಗಡಿಯವನು ಹಳೆಯದನ್ನು ತಿರುಗಿಸಿ ನೋಡಿ, "ಪಾಪ, ದುಡಿದಿದೆ. ಇದನ್ನು ಕೊಟ್ಟು ಹೊಸದು ಒಯ್ಯಿರಿ. ಇರೋದು ಒಂದೇ. ನಾಳೆ ಸಂಜೆವರೆಗೆ ನಿಮಗೇಂತ ಇಟ್ಟಿರ್ತೀನಿ" ಅಂದ. ಗದ್ದಣ್ಣ ಹೊಸದನ್ನು ಕೈಗೆ ತೆಗೆದುಕೊಂಡ. ರಬ್ಬರು ಬೆರಳಿಗೆ ಮೆತ್ತಗೆ ಸಿಕ್ಕಿತು. ಷಡ್ಡಕನದೇ ಮಾದರಿ. ಅದೇ ಬೇಕಿತ್ತು, ಅದೇ ಬೇಡವೂ ಆಗಿತ್ತು.

ಮಾರನೆಯ ದಿನ ಮಧ್ಯಾಹ್ನ ಗಿರಾಕಿಗಳಿಲ್ಲ. ಹೆಂಡತಿ ಸ್ಟುಡಿಯೋದ ಕೌಂಟರಿನಲ್ಲಿ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸುತ್ತಿದ್ದಳು. ಗದ್ದಣ್ಣ ಕಂಪ್ಯೂಟರ್ ಹಚ್ಚಿದರೆ ಪರದೆಯ ತುಂಬ ಅದೇ ಮಹಡಿ, ಅದೇ ಅತ್ತೆ, ಅದೇ ನಗು. ಅವಳೇ ಭಾವನಿಂದ ತರಿಸಿ ಹಾಕಿದ್ದಳು. ಅವನ ಅಂಗಡಿಯಲ್ಲೇ, ಅವನ ಕಂಪ್ಯೂಟರಿನಲ್ಲೇ! ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಸರಿ, ನೋಡೇಬಿಡೋಣ ಎಂದು ಅವನು ಮೊಸರಲ್ಲಿ ಕಲ್ಲು ಹುಡುಕಲು ಕೂತ. ಫೋಟೋ ಹಿಗ್ಗಿಸಿದ. ಅತ್ತೆಯ ಕಿವಿಯೋಲೆ ಸ್ಪಷ್ಟ. ಮಕ್ಕಳ ಕೂದಲು ಎಳೆಎಳೆಯಾಗಿ ಸ್ಪಷ್ಟ. ಹಿಂದಿನ ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆ ಕೂಡ ಸ್ಪಷ್ಟ, ದರಿದ್ರದ್ದು. ಕೊನೆಗೆ ಹೆಂಡತಿಯ ಮುಖಕ್ಕೆ ಬಂದ. ಕಣ್ಣಿಗೆ ಬಂದ. ಅಲ್ಲಿ ಅವನ ಕೈ ನಿಂತಿತು. ಎಲ್ಲರೂ ಲೆನ್ಸ್ ನೋಡುತ್ತಿದ್ದರು. ಅವಳೊಬ್ಬಳ ದೃಷ್ಟಿ ಒಂದು ಕೂದಲೆಳೆ ಬಲಕ್ಕಿತ್ತು. ಯಾರಿಗೂ ಗೊತ್ತಾಗುವಂಥದ್ದಲ್ಲ. ಇಪ್ಪತ್ತೆರಡು ವರ್ಷ ಜನರ ಕಣ್ಣನ್ನೇ ನೋಡಿದವನಿಗೆ ಮಾತ್ರ ಗೊತ್ತಾಗುವಂಥದ್ದು.

"ಸಿಕ್ಕಿತು!" ಎಂದ ಗದ್ದಣ್ಣ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಕಳೆ ಬಂತು. "ಬಾ ಇಲ್ಲಿ. ನೋಡು ನಿಮ್ಮ ಭಾವನ ಕೆಲಸ. ನೀನು ಲೆನ್ಸ್ ನೋಡ್ತಾನೇ ಇಲ್ಲ! ಇಷ್ಟೂ ಗಮನಿಸದವನಿಗೆ ಅಷ್ಟು ದೊಡ್ಡ ಕ್ಯಾಮೆರಾ ಯಾಕೆ?"

ಹೆಂಡತಿ ಕತ್ತರಿ ಹಿಡಿದೇ ಬಂದು ಬಗ್ಗಿ ನೋಡಿದಳು. "ಲೆನ್ಸ್ ಯಾಕೆ ನೋಡ್ಲಿ ನಾನು? ನಿಮ್ಮನ್ನ ನೋಡ್ತಿದ್ದೆ."

"ನನ್ನನ್ನ?"

"ಹಲಗೆ ಉಲ್ಟಾ ಹಿಡ್ಕೊಂಡಿದ್ರಿ ಕಣ್ರೀ. ಬೆಳ್ಳಿ ಕಾಗದ ಇರೋ ಕಡೆ ನಿಮ್ಮ ಕಡೆಗೇ. ಬಿಸಿಲೆಲ್ಲ ನಿಮ್ಮ ಮುಖಕ್ಕೇ ಹೊಡೀತಿತ್ತು. ನೀವು ಮೊದಲೇ ಸಿಟ್ಟಲ್ಲಿದ್ರಿ, ಮೇಲಿಂದ ಅಷ್ಟು ಬೆಳಕು. ಇಂಗು ತಿಂದ ಮಂಗನ ಥರ ಇದ್ರಿ." ಹೇಳುತ್ತಲೇ ಅವಳಿಗೆ ಮತ್ತೆ ನಗು ಬಂತು. "ಇಷ್ಟು ವರ್ಷ ನಾನು ಹಿಡಿದಿದ್ದೀನಿ, ಒಂದಿನಾನೂ ಉಲ್ಟಾ ಹಿಡಿದಿಲ್ಲ. ದೊಡ್ಡ ಫೋಟೋಗ್ರಾಫರಂತೆ!"

ಗದ್ದಣ್ಣ ಪರದೆಯ ಕಡೆ ತಿರುಗಿ ಅವಳ ಕಣ್ಣನ್ನು ಇನ್ನಷ್ಟು ಹಿಗ್ಗಿಸಿದ. ಕಪ್ಪು ಗುಡ್ಡೆಯ ಅಂಚಿನಲ್ಲಿ ಒಂದು ಪುಟ್ಟ ಬಿಳಿ ಚೌಕ, ಅದೇ ಹಲಗೆ. ಅದರ ಮೇಲ್ತುದಿಯಲ್ಲಿ ಸಾಸಿವೆಯಷ್ಟು ಬೆಳಕಿನ ಚುಕ್ಕೆ. ಇನ್ನೂ ಹಿಗ್ಗಿಸಿದ, ಬರೀ ಚೌಕಗಳಾಗಿ ಒಡೆದುಹೋಯಿತು. ಹಿಂದಕ್ಕೆ ಬಂದರೆ ಚುಕ್ಕೆ ಮತ್ತೆ ಅಲ್ಲೇ ಇತ್ತು. ಅದು ಅವನ ಮುಖ.

ಹೊಟ್ಟೆಕಿಚ್ಚು ಅಷ್ಟಕ್ಕೇ ಆರಿತು ಎಂದುಕೊಳ್ಳಬೇಡಿ. ಅದು ಇನ್ನೊಂದು ಕಡೆಯಿಂದ ಹತ್ತಿಕೊಂಡಿತು. ನಕ್ಕದ್ದು ನನಗೆ, ಫೋಟೋ ಮಾತ್ರ ಅವನಿಗೆ! ಇದ್ಯಾವ ನ್ಯಾಯ?

"ಕತ್ತರಿ ಇಡು. ಸ್ಟೂಲ್ ಮೇಲೆ ಕೂತ್ಕೋ," ಎಂದ.

"ಹಲಗೆ ಯಾರು ಹಿಡೀತಾರೆ?"

"ಹಲಗೆ ಬೇಡ, ಕೂತ್ಕೋ."

ಅವಳು ಸೆರಗು ಸರಿಮಾಡಿಕೊಂಡು ಕೂತಳು. ಸಾವಿರಾರು ಜನ ಕೂತ ಸ್ಟೂಲು. ಅವಳು ಕೂತದ್ದು ಎರಡನೇ ಸಲ. ಗದ್ದಣ್ಣ ಹಳೆಯ ಕ್ಯಾಮೆರಾ ಕಣ್ಣಿಗೇರಿಸಿದ. ಅವಳ ಮುಖ ಗುರುತಿನ ಚೀಟಿಯ ಮುಖವಾಯಿತು. ಯಾರೂ ಹೇಳದೆಯೇ ಗದ್ದ ಸ್ವಲ್ಪ ಕೆಳಗಿಳಿಯಿತು.

"ನಗು."

"ಬರಲ್ಲ."

ಕ್ಯಾಮೆರಾ ಇಳಿಸಿ, "ಯಾಕೆ ಬರಲ್ಲ?" ಎಂದು ಗದರಿದ. ಅವನ ಸಿಟ್ಟಿನ ಮುಖ ಕಂಡದ್ದೇ ಅವಳು ನಕ್ಕಳು, ಅದೇ ನಗು, ಒಸಡಿನ ಸಮೇತ. ಅವನು ಗಡಬಡಿಸಿ ಕ್ಯಾಮೆರಾ ಏರಿಸಿದ. ನಗು ಮಾಯ. ಇಳಿಸಿದ, ಬಂತು. ಏರಿಸಿದ, ಹೋಯಿತು.

"ಆ ಡಬ್ಬಿ ಅಡ್ಡ ಬಂದ್ರೆ ನೀವೇ ಕಾಣಲ್ವಲ್ಲ," ಎಂದಳು ಅವಳು, ತೀರಾ ಸಾಮಾನ್ಯ ಸಂಗತಿ ಹೇಳುವ ಹಾಗೆ. "ನಾನು ಯಾರನ್ನ ನೋಡಿ ನಗ್ಲಿ?"

ಗದ್ದಣ್ಣ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಹಳೆಯದಾದರೂ ಅಡ್ಡ, ಹೊಸದಾದರೂ ಅಡ್ಡ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕ್ಯಾಮೆರಾ ಅಂಗಡಿಯವನು.

"ಏನು ಮಾಡಿದ್ರಿ? ಇನ್ನೊಬ್ರು ಬಂದು ಕೂತಿದ್ದಾರೆ, ಕೊಟ್ಟುಬಿಡ್ಲಾ?"

"ಕೊಟ್ಟುಬಿಡಿ," ಎಂದ ಗದ್ದಣ್ಣ. ಆಮೇಲೆ, "ಒಂದು ನಿಮಿಷ, ಫೋನ್ ಇಡಬೇಡಿ. ಗಟ್ಟಿಯಾದ ಟ್ರೈಪಾಡ್ ಇದೆಯಾ? ಜೊತೆಗೆ, ಗುಂಡಿ ಕಾಲಲ್ಲಿ ಒತ್ತೋ ಹಾಗೆ ಉದ್ದ ವೈರ್ ಇರೋ ಸ್ವಿಚ್ಚು? ಇದ್ರೆ ತೆಗೆದಿಡಿ, ಈಗಲೇ ಬಂದೆ."

ಫೋನು ಇಟ್ಟ ಮೇಲೆ ಹೆಂಡತಿ ಸ್ಟೂಲಿನಿಂದಲೇ ಕೇಳಿದಳು, "ಕಾಲಲ್ಲಿ ಯಾಕ್ರೀ ಒತ್ತಬೇಕು? ಕೈಗೇನಾಗಿದೆ?"

ಗದ್ದಣ್ಣ ಮೂಲೆಯಲ್ಲಿ ಒರಗಿಸಿದ್ದ ಥರ್ಮೊಕೋಲ್ ಹಲಗೆ ಎತ್ತಿಕೊಂಡು, ಬೆಳ್ಳಿ ಕಾಗದದ ಕಡೆಯನ್ನು ತನ್ನ ಮುಖಕ್ಕೆ ತಿರುಗಿಸಿ ನೋಡಿಕೊಂಡ.

"ಹಲಗೆ ಹಿಡಿಯೋಕೆ ನನಗೆ ಎರಡೂ ಕೈ ಬೇಕು."