ಬನಶಂಕರಕ್ಕನ ಎಡಗಾಲು

ನಮ್ಮ ಬನಶಂಕರಕ್ಕನ ಬಗ್ಗೆ ಹೇಳುವುದಿದ್ದರೆ ಮೊದಲು ಅವಳ ಕಾಲುಗಳ ಬಗ್ಗೆ ಹೇಳಬೇಕು. ಮುಖದ ಬಗ್ಗೆ ಹೇಳಹೊರಟರೆ ಅವಳೇ ಗದರುತ್ತಾಳೆ. “ನನ್ನ ಮೂತಿ ನೋಡಿ ಯಾರ್ ಪ್ಯಾಂಟ್ ತಗೊಂತಾರ?” ಎನ್ನುವ ಹೆಂಗಸು ಅವಳು.

ರಾಯದುರ್ಗದಲ್ಲಿ ಲೋಕನಾಥನ ಶೆಡ್ಡಿನಲ್ಲಿ ನಾವು ಜೀನ್ಸ್ ಪ್ಯಾಂಟ್ ಹೊಲಿಯುತ್ತೇವೆ. ನನ್ನದು ಜೇಬಿನ ಕೆಲಸ. ಪಕ್ಕದ ಮಿಷನ್ ಅಕ್ಕನದು. ಸೊಂಟದಿಂದ ಪಾದದವರೆಗಿನ ಉದ್ದ ಹೊಲಿಗೆ ಅವಳ ಪಾಲು. ಮದುವೆಯಾಗಿ ಈ ಊರಿಗೆ ಬಂದ ವರ್ಷ ತುಳಿಯುವ ಕಾಲು ಮಿಷನ್ ಮುಂದೆ ಕೂತವಳು, ಮೊಮ್ಮಕ್ಕಳಾದ ಮೇಲೂ ಎದ್ದಿರಲಿಲ್ಲ. ಮುಂಗಾಲು, ಹಿಮ್ಮಡಿ, ಮುಂಗಾಲು, ಹಿಮ್ಮಡಿ. ಆ ತುಳಿತ ಎಷ್ಟು ಮೈಗೆ ಹತ್ತಿತ್ತೆಂದರೆ ಊಟಕ್ಕೆ ಕೂತಾಗಲೂ ಅವಳ ಪಾದ ಅಲ್ಲಾಡುತ್ತಲೇ ಇರುತ್ತಿತ್ತು. ನಾವು ನಕ್ಕರೆ, “ಸುಮ್ನ ತಿನ್ರಿ” ಎಂದು ಬಯ್ಯುತ್ತಿದ್ದಳು.

ಈ ವರ್ಷ ಉಗಾದಿ ಇನ್ನೂ ದೂರವಿರುವಾಗಲೇ ಲೋಕನಾಥ ಕಾಲು ಮಿಷನ್‌ಗಳನ್ನೆಲ್ಲ ಆಟೋಗೆ ಹೇರಿಸಿ ಕಳಿಸಿ, ಕರೆಂಟ್ ಮಿಷನ್ ತರಿಸಿದ. ಅವನನ್ನು ಬಯ್ದು ಪ್ರಯೋಜನವಿಲ್ಲ. ಊರಿನ ಶೆಡ್ಡುಗಳೆಲ್ಲ ಬದಲಾಗುತ್ತಿದ್ದವು. ಆದರೂ ನಾನು ಮನಸ್ಸಿನಲ್ಲೇ ಚೆನ್ನಾಗಿ ಬಯ್ದೆ.

ಹೊಸ ಮಿಷನ್ ಕೂರಿಸಲು ಬಳ್ಳಾರಿಯಿಂದ ಬಂದ ಮೆಕ್ಯಾನಿಕ್ ಯರ್ರಿಸ್ವಾಮಿ ಹೇಳಿಕೊಟ್ಟದ್ದು ಇಷ್ಟೇ. ಮುಂಗಾಲು ಒತ್ತಿದರೆ ಮಿಷನ್ ಓಡುತ್ತದೆ. ಹಿಮ್ಮಡಿ ಒತ್ತಿದರೆ ದಾರ ತಾನೇ ತುಂಡಾಗುತ್ತದೆ. ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಕಲಿತರು. ನಾನೂ ಹೇಗೋ ಕಲಿತೆ. ಬನಶಂಕರಕ್ಕ ಕೂತಳು, ಒತ್ತಿದಳು. ಹಳೆಯ ಅಭ್ಯಾಸದಂತೆ ಪಾದ ಮುಂದಕ್ಕೆ ಹೋಯಿತು, ಮಿಷನ್ ಗುರ್ ಎಂದಿತು. ಪಾದ ಹಿಂದಕ್ಕೆ ಬಂತು, ಟಕ್ ಎಂದು ದಾರ ತುಂಡಾಯಿತು. ಗುರ್, ಟಕ್. ಗುರ್, ಟಕ್. ಉದ್ದ ಹೊಲಿಗೆ ಬೀಳಬೇಕಾದ ಕಡೆ ಬೆರಳುದ್ದದ ತುಂಡುಗಳು ಬಿದ್ದವು.

ಹುಡುಗಿಯರು ನಕ್ಕರು. ಅವಳೂ ನಕ್ಕಳು. ಮರುದಿನವೂ ಹಾಗೇ ಆದಾಗ ಯಾರೂ ನಗಲಿಲ್ಲ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಉಗಾದಿ ದಿನ ಬೆಳಿಗ್ಗೆ ಮಿಷನ್ ಪೂಜೆ ಆದ ಮೇಲೆ ಪ್ರತಿಯೊಬ್ಬರೂ ತಮ್ಮ ಮಿಷನ್ ಮೇಲೆ ಒಂದು ಹೊಲಿಗೆ ಹಾಕಬೇಕು. ಹಾಕಿದವರ ಮಿಷನ್ ಮುಂದಿನ ಉಗಾದಿಯವರೆಗೆ ಅವರದೇ, ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಹಾಕಲಾಗದವರಿಗೆ ಬಾಗಿಲ ಬಳಿಯ ಚಾಪೆ. ಅಲ್ಲಿ ಕೂತು ಹೊಲಿದ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುವ ಕೆಲಸ. ಅಕ್ಕನ ಓರಗೆಯ ಚೌಡಕ್ಕ ಎರಡು ದಿನ ಹೊಸ ಮಿಷನ್ ಜೊತೆ ಗುದ್ದಾಡಿ, ತಾನಾಗಿಯೇ ಹೋಗಿ ಚಾಪೆ ಮೇಲೆ ಕೂತುಬಿಟ್ಟಿದ್ದಳು.

ಲೋಕನಾಥ ಕೆಟ್ಟವನಲ್ಲ. ಮೆತ್ತಗೇ ಹೇಳಿದ. “ಅಕ್ಕಾ, ನೀವೂ ಚೌಡಕ್ಕನ ಜೋಡಿ ಕುಂದ್ರಿ. ಆರಾಮದ ಕೆಲಸ.”

“ಆರಾಮ ಬೇಕಾಗಿದ್ರ ಮನ್ಯಾಗ ಇರ್ತಿದ್ದೆ. ನಾ ಟೈಲರ್ ಅದೀನ್ರಿ” ಎಂದಳು ಅಕ್ಕ.

ಹಾಗೆ ಖಡಕ್ಕಾಗಿ ಹೇಳಿ ಹೊರಗೆ ನಲ್ಲಿಯ ಹತ್ತಿರ ಬಂದು ನನ್ನ ಮುಂದೆ ಅತ್ತಳು. “ನನ್ನ ಕಾಲೇ ನನ್ನ ಮಾತು ಕೇಳವಲ್ದು, ಪ್ರಸನ್ನಾ. ಚಾಪಿ ಮ್ಯಾಲ ಕುಂತ್ರ ನಾ ಸತ್ತಂಗ.” ನಾನು ನಲ್ಲಿ ತಿರುಗಿಸಿ ಅವಳ ಅಂಗೈಗೆ ನೀರು ಬಿಟ್ಟೆ.

ಮರುದಿನದಿಂದ ಅವಳು ಎಲ್ಲರಿಗಿಂತ ಮೊದಲು ಬರತೊಡಗಿದಳು. ಹೊಸದಾಗಿ ಕಲಿಯುವ ಹುಡುಗಿಯರ ಹಾಗೆ ಹಳೇ ಪೇಪರಿನ ಮೇಲೆ ದಾರವಿಲ್ಲದ ಸೂಜಿ ಓಡಿಸುವುದು. ಹಿಮ್ಮಡಿ ಒತ್ತದಂತೆ ಪಾದವನ್ನು ಪೆಡಲಿಗೆ ಬಟ್ಟೆಯಿಂದ ಕಟ್ಟಿ ನೋಡಿದಳು. ಮಿಷನ್ ನಿಲ್ಲದೆ ಓಡಿ ಪೇಪರ್ ಚಿಂದಿಯಾಯಿತು. ದಪ್ಪ ಚಪ್ಪಲಿ ಹಾಕಿ ನೋಡಿದಳು, ಅದೂ ಆಗಲಿಲ್ಲ. ಪಾದ ಸುಮ್ಮನಿದ್ದರೆ ಕೈ ತಪ್ಪುತ್ತಿತ್ತು. ಪಾದ ಆಡಿದರೆ ಮತ್ತೆ ಟಕ್ ಎನ್ನುತ್ತಿತ್ತು. ಹಬ್ಬ ಹತ್ತಿರ ಬಂದೇಬಿಟ್ಟಿತು.

ಒಂದು ಬೆಳಿಗ್ಗೆ ನಾನು ಬೇಗ ಬಂದೆ. ಒಳಗೆ ಮಿಷನ್ ಒಂದೇ ಸಮನೆ ಓಡುತ್ತಿತ್ತು. ಟಕ್ ಎನ್ನುವ ಸದ್ದೇ ಇಲ್ಲ. ಬಗ್ಗಿ ನೋಡಿದರೆ ಅಕ್ಕನ ಬಲಗಾಲು ಪೆಡಲಿನ ಮೇಲೆ ಗಟ್ಟಿಯಾಗಿ ಕೂತಿದೆ. ಚಪ್ಪಲಿಯಿಲ್ಲದ ಎಡಗಾಲು ನೆಲ ತುಳಿಯುತ್ತಿದೆ, ಮುಂಗಾಲು, ಹಿಮ್ಮಡಿ, ಮುಂಗಾಲು, ಹಿಮ್ಮಡಿ.

“ಇದೇನಕ್ಕಾ?”

“ಎರಡೂ ಕಾಲು ದುಡಿದು ರೂಢಿ ಅಲ್ಲೇನ? ಒಂದು ಸುಮ್ನ ಕುಂತ್ರ ಇನ್ನೊಂದಕ್ಕ ಹೊಟ್ಟಿಕಿಚ್ಚು. ಅದಕ್ಕ ಎಡಗಾಲಿಗೂ ಕೆಲಸ ಕೊಟ್ಟೀನಿ.” ಎಡಗಾಲು ತಾಳ ಹಾಕಿದರೆ ಬಲಗಾಲಿಗೆ ಆಡುವ ಚಟ ಹೋಗುತ್ತದಂತೆ, ಕೈಗೂ ಹಳೆಯ ಲಯ ಸಿಗುತ್ತದಂತೆ. ನಾನು ಅವಳನ್ನು ಅಪ್ಪಿಕೊಂಡೆ. “ಸರಿ, ದಾರ ಹಾಕು, ಬಟ್ಟಿ ಕೊಡು” ಎಂದು ತಳ್ಳಿದಳು.

ಉಗಾದಿ ಬಂತು. ಮಿಷನ್‌ಗಳಿಗೆಲ್ಲ ಅರಿಶಿನ ಕುಂಕುಮ, ಎಲ್ಲರ ಅಂಗೈಗೆ ಬೇವು ಬೆಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಹೊಲಿದರು. ಅಕ್ಕನ ಸರದಿ ಬಂದಾಗ ಲೋಕನಾಥ ಚಿಕ್ಕ ಬಟ್ಟೆಯ ತುಂಡು ತೆಗೆದುಕೊಟ್ಟ. ಅವಳು ಅದನ್ನು ವಾಪಸ್ ಇಟ್ಟು ಪೂರಾ ಪ್ಯಾಂಟಿನ ಎರಡು ಭಾಗ ಕೇಳಿ ಪಡೆದಳು.

ಎಡಗಾಲು ನೆಲ ತುಳಿಯಿತು. ಕಾಲುಂಗುರ ಸಿಮೆಂಟಿಗೆ ಬಡಿಯುವ ಸದ್ದು ಇಡೀ ಶೆಡ್ಡಿಗೆ ಕೇಳಿತು. ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ, ಅಲ್ಲಿಂದ ಪಾದಕ್ಕೆ ಹೊಲಿಗೆ ಎಲ್ಲೂ ನಿಲ್ಲದೆ ಇಳಿಯಿತು. ಕೊನೆಯಲ್ಲಿ ಬೇಕೆಂದೇ ಬಲಗಾಲಿನ ಹಿಮ್ಮಡಿ ಒತ್ತಿದಳು. ಟಕ್. ನಾವೆಲ್ಲ ಕೂಗಿಬಿಟ್ಟೆವು.

ಲೋಕನಾಥ ಹೊಲಿಗೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿದ. ಒಂದು ಎಳೆಯೂ ಬಿಡಲಿಲ್ಲ. “ಮಿಷನ್ ನಿಮ್ದರಿ ಅಕ್ಕಾ” ಎಂದ.

“ಹೌದ್ರಿ” ಎಂದು ಅಕ್ಕ ಎದ್ದು ನಿಂತಳು. ಕಣ್ಣು ತುಂಬಿದ್ದರೂ ದನಿ ಜೋರಾಗಿಯೇ ಇತ್ತು. ಅವಳು ನೋಡುತ್ತಿದ್ದದ್ದು ಬಾಗಿಲ ಕಡೆ. ಅಲ್ಲಿ ಚೌಡಕ್ಕ ಎಲ್ಲರ ಜೊತೆ ಕೂಗಿ, ಆಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಮಿಷನ್ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

“ಏ ಚೌಡಕ್ಕಾ, ಹಬ್ಬ ಇನ್ನಾ ಮುಗಿದಿಲ್ಲ. ಚಪ್ಲಿ ಬಿಟ್ಟು ಬಾ ಇಲ್ಲಿ. ಎಡಗಾಲಿಗೆ ಏನ್ ಹೇಳಬೇಕು ನಾ ತೋರಸ್ತೀನಿ.”

ಚೌಡಕ್ಕ ಕತ್ತರಿ ಕೆಳಗಿಟ್ಟು ಎದ್ದು ಬಂದಳು.