ಕೆಳಗ ಇಡಬಾರದು

ಸುಡಾನ್ ದೇಶದಲ್ಲಿ ಯುದ್ಧ ಶುರುವಾದ ಮರುವರ್ಷ ನಡೆದದ್ದು ಇದು. ಆ ದೇಶ ಯಾವ ದಿಕ್ಕಿಗಿದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕಾರಣವೂ ಇರಲಿಲ್ಲ. ಆಳಂದದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಖಾನಾವಳಿ ಇದೆ. ಬೆಳಗಾದರೆ ರೊಟ್ಟಿ ಬಡಿಯುವುದು, ಮಧ್ಯಾಹ್ನ ಬಡಿಸುವುದು, ಸಂಜೆ ಪಾತ್ರೆ ತಿಕ್ಕುವವಳ ಜೊತೆ ಜಗಳ, ಇಷ್ಟೇ ನನ್ನ ದುನಿಯಾ. ಯಜಮಾನರು ಬಸ್ ಕಂಡಕ್ಟರ್. ಮನೆಯಲ್ಲಿ ಇರುವುದಕ್ಕಿಂತ ಅವರು ಸೊಲ್ಲಾಪುರದ ರಸ್ತೆಯ ಮೇಲೆ ಇರುವುದೇ ಹೆಚ್ಚು. ಹಾಗಾಗಿ ಖಾನಾವಳಿಯಲ್ಲಿ ನನಗೆ ಜೊತೆ ಎಂದರೆ ನನ್ನ ಅತ್ತೆ ಗುರುಬಾಯಿ. ಎಂಬತ್ತು ದಾಟಿದ್ದರೂ ಶೇಂಗಾ ಹಿಂಡಿ ಕುಟ್ಟುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ.

ತೊಗರಿ ರಾಶಿ ಮುಗಿದ ದಿನಗಳು. ನಮ್ಮ ಓಣಿಯ ಕೊನೆಗೆ ಒಂದು ಧರ್ಮಾಸ್ಪತ್ರೆ ಇದೆ. ಅಲ್ಲಿಯ ದೊಡ್ಡ ಡಾಕ್ಟರು ಒಂದು ಮಧ್ಯಾಹ್ನ ಎತ್ತರದ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದರು. ತಲೆಯ ಮೇಲೆ ಬಟ್ಟೆ ಹೊದ್ದಿದ್ದಳು, ಕೈಯಲ್ಲಿ ಬಿಳಿ ಕೋಟು.

"ಮಹಾದೇವಿಯವರ, ಈಕಿ ಹಿಬಾ ಅಂತ. ಸುಡಾನ್ ದೇಶದಾಕಿ. ಡಾಕ್ಟರ್ ಓದಾಕತ್ತಾಳ, ನಮ್ಮಲ್ಲಿ ಟ್ರೇನಿಂಗಿಗೆ ಬಂದಾಳ. ಇನ್ಮ್ಯಾಲೆ ಈಕಿ ಊಟ ನಿಮ್ಮಲ್ಲೇ" ಎಂದರು.

ಫಾರಿನ್ ಹುಡುಗಿಗೆ ಏನು ಹಾಕುವುದು? ಬೇಕರಿಗೆ ಹೋಗಿ ಬ್ರೆಡ್ ತರಲೇ ಎಂದು ಕೇಳುವಷ್ಟರಲ್ಲಿ ಅವಳು ಬುಟ್ಟಿಯಲ್ಲಿದ್ದ ಜೋಳದ ರೊಟ್ಟಿಯೊಂದನ್ನು ಕೈಗೆತ್ತಿಕೊಂಡು ಮೂಸಿ ನೋಡಿದಳು. "ದುರಾ?" ಎಂದು ಡಾಕ್ಟರ ಮುಖ ನೋಡಿದಳು. ಅವಳ ದೇಶದ ಕಡೆ ಜೋಳಕ್ಕೆ ಹಾಗೆ ಅನ್ನುತ್ತಾರಂತೆ. ಅವಳ ತಾಯಿ ಮನೆಯಲ್ಲಿ ಜೋಳದ ಹಿಟ್ಟು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಸವರಿ ರೊಟ್ಟಿ ಮಾಡುತ್ತಿದ್ದಳಂತೆ. ಪಲ್ಯ, ಹಿಂಡಿ, ಮೊಸರು ಎಲ್ಲ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡಳು. ಉಂಡಾದ ಮೇಲೆ ಕಣ್ಣೊರೆಸಿಕೊಂಡಳು. ನಾನು ಹಿಂಡಿ ಖಾರವಾಯಿತೇನೋ ಎಂದು ಬೆಲ್ಲ ತಂದುಕೊಟ್ಟೆ.

"ಖಾರಕ್ಕಲ್ರಿ" ಎಂದರು ಡಾಕ್ಟರು. "ಈಕಿ ತಾಯಿ ಬ್ಯಾರೆ ದೇಶಕ್ಕ ಓಡಿಹೋಗಿ ಯಾರದೋ ಮನ್ಯಾಗ ಒಂದ್ ಖೋಲಿ ಹಿಡಕೊಂಡು ಅದಾಳ. ಈಕಿ ಅಕಿನ್ನ ನೋಡಿ ವರ್ಷ ಆಗಾಕ ಬಂತು."

ಹಿಬಾಳ ಕತೆಯನ್ನು ನನಗೆ ಹೇಳಿದವರು ಡಾಕ್ಟರೇ. ಓದು ಇನ್ನೇನು ಮುಗಿಯಿತು ಎನ್ನುವಾಗ ಯುದ್ಧ ಬಂದು ಕಾಲೇಜು ಮುಚ್ಚಿತಂತೆ. ಅವಳು ಕಲಿಯುತ್ತಿದ್ದ ಆಸ್ಪತ್ರೆಯ ಮೇಲೆ ಗುಂಡು ಬಿದ್ದಿತ್ತಂತೆ. ಪಾಠವನ್ನು ಫೋನಿನಲ್ಲಿ ಮಾಡುತ್ತೇವೆ, ರೋಗಿಗಳ ಹತ್ತಿರ ಕಲಿಯುವುದನ್ನು ಯಾವ ದೇಶದವರು ಸೇರಿಸಿಕೊಳ್ಳುತ್ತಾರೋ ಅಲ್ಲಿ ಕಲಿತು ಬನ್ನಿ ಎಂದರಂತೆ ಕಾಲೇಜಿನವರು. ಹುಡುಗಿ ಕಂಡ ಕಂಡ ದೇಶದ ಆಸ್ಪತ್ರೆಗಳಿಗೆಲ್ಲ ಬರೆದಳು. ಕೆಲವರು ಆಗುವುದಿಲ್ಲ ಎಂದರು, ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಬಾ ಎಂದವರು ನಮ್ಮ ಆಳಂದದ ಡಾಕ್ಟರೊಬ್ಬರೇ. "ಇಲ್ಲಿಯ ಟ್ರೇನಿಂಗ್ ಪೂರಾ ಆಗಲಿಲ್ಲ ಅಂದ್ರ ಅಕಿ ಓದು ಅಷ್ಟಕ್ಕ ನಿಂತಂಗ್ರಿ. ಮತ್ತ ಯಾರೂ ತಗೊಳ್ಳಂಗಿಲ್ಲ" ಎಂದಿದ್ದರು ಅವರು.

ಹಿಬಾ ದಿನಾ ಮುಂಜಾನೆ ಬಂದು ರೊಟ್ಟಿ ತಿಂದು ಆಸ್ಪತ್ರೆಗೆ ಹೋಗುತ್ತಿದ್ದಳು. ನಾವು ದವಾ ಅಂದರೆ ಅವಳಿಗೆ ತಿಳಿಯುತ್ತಿತ್ತು, ಕಿತಾಬ ಅಂದರೂ ತಿಳಿಯುತ್ತಿತ್ತು, ಖಬರ್ ಅಂದರೂ ತಿಳಿಯುತ್ತಿತ್ತು. ಎಲ್ಲ ಅವರ ಮಾತಿನಲ್ಲೂ ಇವೆಯಂತೆ. ಉಳಿದದ್ದನ್ನು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಾಡುತ್ತಿದ್ದಳು. "ಎಲ್ಲಿ ಬ್ಯಾನಿ? ಎಷ್ಟ್ ದಿನ ಆತು? ಉಸರು ತಗೋರಿ" ಎಂದು ರೊಟ್ಟಿ ಮುರಿಯುತ್ತ ನನ್ನ ಮುಂದೆಯೇ ಒಪ್ಪಿಸುವಳು. ನಾನು ತಪ್ಪು ಹಿಡಿದರೆ ನಾಚುವಳು. ಅತ್ತೆಗಂತೂ ಅವಳೆಂದರೆ ಪ್ರಾಣ. "ನೋಡ್ ಬೇ, ನಮ್ಮಂಗೇ ತಲಿ ಮ್ಯಾಲೆ ಸೆರಗ ಹೊದ್ದಾಳ. ನಿನ್ನ ತಲಿ ಮ್ಯಾಲೆ ಏನದ?" ಎಂದು ನನಗೇ ಚುಚ್ಚುತ್ತಿದ್ದರು.

ಒಂದು ಮುಂಜಾನೆ ಅವಳು ಬೇಗ ಬಂದಳು. ಅತ್ತೆ ಒಳಗಿನ ಕೋಣೆಯಲ್ಲಿ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿದ್ದರು. ಪೂಜೆ ಮುಗಿಯುವ ತನಕ ಹಿಬಾ ಬಾಗಿಲಲ್ಲೇ ನಿಂತಳು. ಅತ್ತೆ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು, ಕರಡಿಗೆಯ ಶಿವದಾರವನ್ನು ಕೊರಳಿಗೆ ಹಾಕಿಕೊಂಡ ಮೇಲೆ, ಅದೇನು ಎಂದು ಕೈಸನ್ನೆಯಲ್ಲಿ ಕೇಳಿದಳು. ಅತ್ತೆ ಕರಡಿಗೆಯನ್ನು ಎದೆಗೆ ಒತ್ತಿಕೊಂಡು ತೋರಿಸಿದರು. ಆಮೇಲೆ ನೆಲದ ಕಡೆ ಬೆರಳು ಮಾಡಿ, ಇಲ್ಲ ಇಲ್ಲ ಎಂದು ಕೈಯಾಡಿಸಿದರು.

"ಇದನ್ನ ಕೆಳಗ ಇಡಬಾರದು. ತಿಳೀತಿಲ್ಲೋ ಯವ್ವಾ? ಕೆಳಗ ಇಡಬಾರದು."

"ಕೆಳಗ ಇಡಬಾರದು" ಎಂದು ಹಿಬಾ ಒಪ್ಪಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಕುರಾನನ್ನೂ ನಾವು ನೆಲದ ಮೇಲೆ ಇಡುವುದಿಲ್ಲ ಎಂದು ನನಗೆ ತಿಳಿಯುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಅದನ್ನು ಅತ್ತೆಗೆ ಹೇಳಿದಾಗ ಅವರು ದೊಡ್ಡವರ ಹಾಗೆ ತಲೆಯಾಡಿಸಿ, ಅವಳಿಗೆ ಒಂದು ಚಮಚ ಹೆಚ್ಚು ತುಪ್ಪ ಹಾಕಲು ಹೇಳಿದರು.

ಅವಳ ಟ್ರೇನಿಂಗ್ ಮುಗಿಯುವುದಕ್ಕೆ ಇನ್ನು ಕೆಲವೇ ವಾರ ಉಳಿದಿತ್ತು. ಅಂದು ಅತ್ತೆ ಒರಳ ಮುಂದೆ ಕುಳಿತವರು, "ಎದಿ ಯಾಕೋ ಭಾಳ ಬಡಕೊಳ್ಳಾಕತ್ತದ ನೋಡ್" ಎಂದರು. ಎನ್ನುತ್ತಲೇ ಗೋಡೆಗೆ ವಾಲಿದರು. ರೊಟ್ಟಿ ತಿನ್ನುತ್ತಿದ್ದ ಹಿಬಾ ತಾಟು ಸರಿಸಿ ಎದ್ದು ಬಂದು ಅವರ ಕೊರಳ ಪಕ್ಕದಲ್ಲಿ ನಾಡಿ ಹಿಡಿದು ನೋಡಿದಳು. ಅವಳ ಮುಖ ನೋಡಿಯೇ ನಾನು ಓಡಿಹೋಗಿ ಆಟೋ ಕೂಗಿದೆ. ಊಟಕ್ಕೆ ಬಂದಿದ್ದವರೇ ಸೇರಿ ಅತ್ತೆಯನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು.

ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ದೊಡ್ಡ ಡಾಕ್ಟರು, ಒಬ್ಬ ನರ್ಸ್ ಮತ್ತು ಹಿಬಾ. ಎದೆಗೆ ಕರೆಂಟ್ ಕೊಡುವ ಯಂತ್ರ ತಂದರು. "ಎದಿ ಮ್ಯಾಲಿಂದು ತೆಗೀರಿ, ಲಗೂನ" ಎಂದರು ಡಾಕ್ಟರು. ಶಿವದಾರವನ್ನು ಅತ್ತೆ ಗಿಡ್ಡಗೆ ಕಟ್ಟಿಕೊಂಡಿದ್ದರು, ತಲೆಯ ಮೇಲಿಂದ ಬರಲಿಲ್ಲ. ಹಿಬಾ ಕತ್ತರಿ ತಗೊಂಡು ದಾರ ಕತ್ತರಿಸಿದಳು. ನರ್ಸ್ ಒಂದು ಟ್ರೇ ಮುಂದೆ ಮಾಡಿದಳು. ಅದರಲ್ಲಿ ರಕ್ತ ಹತ್ತಿದ ಹತ್ತಿ ಬಿದ್ದಿತ್ತು. ಹಿಬಾ ಟ್ರೇ ನೋಡಿದಳು, ನೆಲ ನೋಡಿದಳು, ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದುಕೊಂಡು ಹಿಂದೆ ಸರಿದು ನಿಂತಳು. ಅತ್ತೆಯ ದೇಹ ಒಮ್ಮೆ ಹಾರಿಬಿತ್ತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ನರ್ಸ್ ಅತ್ತೆಯ ಮೂಗು ಬಾಯಿಗೆ ಮುಚ್ಚಳ ಹಿಡಿದಿದ್ದಳು, ಹಿಬಾ ಬಲಗೈಯಿಂದ ಗಾಳಿಯ ಚೀಲ ಒತ್ತುತ್ತಿದ್ದಳು. ಎಡಗೈ ಮಾತ್ರ ಭುಜದ ಹತ್ತಿರ ಎತ್ತಿ ಹಿಡಿದಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ನನ್ನ ಲಕ್ಷ್ಯವೆಲ್ಲ ಅತ್ತೆಯ ಪಾದಗಳ ಮೇಲಿತ್ತು.

ಅಷ್ಟರಲ್ಲಿ ನನ್ನನ್ನು ಔಷಧಕ್ಕೆ ಓಡಿಸಿದರು. ಯಜಮಾನರು ಸೊಲ್ಲಾಪುರದ ರಸ್ತೆಯ ಮೇಲಿದ್ದರು, ದಾರಿಯಲ್ಲೇ ನನ್ನ ಭಾವ ಶಿವಶರಣಪ್ಪನವರಿಗೆ ಫೋನ್ ಮಾಡಿದೆ. ಅವರು ಅತ್ತೆಯ ಹಿರಿಯ ಮಗ, ಸರಸಂಬಾದಲ್ಲಿ ಹೊಲ ನೋಡಿಕೊಂಡಿರುವವರು. ಪ್ರತಿ ಸುಗ್ಗಿಗೆ ಈ ಆಸ್ಪತ್ರೆಯ ರೋಗಿಗಳ ಊಟಕ್ಕೆ ಜೋಳ ಕೊಡುವವರು, ಹೀಗಾಗಿ ಅಲ್ಲಿ ಅವರ ಮಾತು ನಡೆಯುತ್ತದೆ. ನಾನು ಔಷಧ ತಂದು, ನರ್ಸ್ ಹೇಳಿದಂತೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಡಾಕ್ಟರು ಬಂದು, "ಉಳದ್ರು. ಹೆದರಬ್ಯಾಡ್ರಿ" ಎಂದರು. ಆಗಲೇ ಭಾವನ ಮೋಟರ್ ಸೈಕಲ್ ಬಂದು ನಿಂತಿತು.

ಭಾವ ಒಳಗೆ ಹೋದರು. ತಾಯಿಯ ಬರಿಗೊರಳು ಕಂಡರು, ಹಾಸಿಗೆಯ ಅಂಚಿಗೆ ಜೋತುಬಿದ್ದ ತುಂಡು ದಾರ ಕಂಡರು. ಲಿಂಗ ಎಲ್ಲೂ ಕಾಣಲಿಲ್ಲ. ಯಾರು ಕತ್ತರಿಸಿದ್ದು ಎಂದು ಕೇಳಿದರು. ನರ್ಸ್ ಹಿಬಾಳ ಹೆಸರು ಹೇಳಿದಳು. ಅಷ್ಟು ಸಾಕಾಯಿತು. ಸೀದಾ ಡಾಕ್ಟರ ಕೋಣೆಗೆ ನುಗ್ಗಿದರು, ಅವರ ಹಿಂದೆ ನಾನು.

"ನಮ್ಮವ್ವ ಅರವತ್ತು ಎಪ್ಪತ್ತು ವರ್ಷ ಮೈಮ್ಯಾಲಿಂದ ಇಳಿಸಲಾರದ ಲಿಂಗರಿ ಅದು. ಯಾವ ದೇಶದಾಕಿನೋ, ಯಾವ ಧರ್ಮದಾಕಿನೋ ಬಂದು ಕತ್ತರಿಸಿ ಒಗದಾಳ. ಅಕಿ ಇವತ್ತ ಇಲ್ಲಿಂದ ಹೋಗಬೇಕು. ಇಲ್ಲಂದ್ರ ನಾ ಊರ ಮಂದೀನ ಕರಕೊಂಡ ಬರ್ತೇನಿ."

ಅವರಿಗೆ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು ಎಂದು ನನಗೆ ಗೊತ್ತು. ಲಿಂಗ ಬಿಟ್ಟ ಮೇಲೆ ಜೀವ ನಿಲ್ಲುವುದಿಲ್ಲ ಎಂದು ನಂಬಿದ ಮನೆ ನಮ್ಮದು. ಉಳಿದರು ಎಂದು ಡಾಕ್ಟರು ಹೇಳಿದರೂ ಅವರಿಗೆ ತಾಯಿ ಅರ್ಧ ಹೋದಂತೆಯೇ ಕಂಡಿರಬೇಕು. ಆದರೆ ಡಾಕ್ಟರ ಉತ್ತರ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಎದೆಯ ಮೇಲಿಂದ ತೆಗೆಯಿರಿ ಎಂದವರು ತಾವೇ ಎಂದು ಬಾಯಿ ಬಿಡಬೇಕಲ್ಲ? "ಸಿಟ್ಟ ಮಾಡಬ್ಯಾಡ್ರಿ ಶಿವಶರಣಪ್ಪನವರ, ಸಂಜಿ ಬಸ್ಸಿಗೆ ಅಕಿನ್ನ ಕಲಬುರಗಿಗೆ ಕಳಸ್ತೇನಿ" ಎಂದರು ಮೆತ್ತಗೆ.

"ಕಳಸ್ತೀರಿ, ಆಮ್ಯಾಲೆ?" ಎಂದೆ ನಾನು. ಭಾವನ ಎದುರು ಹಿಂದೆ ಎಂದೂ ದನಿ ಎತ್ತಿದವಳಲ್ಲ. "ಇಲ್ಲಿಯದು ಪೂರಾ ಆಗಲಿಲ್ಲ ಅಂದ್ರ ಅಕಿ ಓದೇ ನಿಂತಂಗ ಅಂತ ನೀವೇ ಹೇಳೀರಿ. ಮನಿ ಇಲ್ಲ, ಊರಿಲ್ಲ, ಇದೊಂದು ಓದೂ ಕಸಗೊಳ್ಳೋದೇನ್ರಿ? ಭಾವರ, ಅತ್ತಿ ಗೋಡಿಗೆ ಬಿದ್ದಾಗ ಮೊದಲ ಎದ್ದು ಓಡಿ ಬಂದಾಕಿ ಅಕಿ."

"ನೀ ಸುಮ್ಕಿರು ಮಹಾದೇವಿ. ಲಿಂಗ ಎಲ್ಲದ ಹೇಳು ಮೊದಲ."

ತಿರುಗಿ ನೋಡಿದರೆ ಹಿಬಾ ಬಾಗಿಲಲ್ಲಿ ನಿಂತಿದ್ದಳು. ಮಾತೆಲ್ಲ ತನ್ನದೇ ಎಂದು ಅವಳಿಗೆ ತಿಳಿದಿತ್ತು, ಏನು ಮಾತು ಎಂದು ತಿಳಿದಿರಲಿಲ್ಲ. ಎಡಗೈಯನ್ನು ತಲೆವಸ್ತ್ರದ ಕೆಳಗೆ ಎದೆಗೆ ಒತ್ತಿ ಹಿಡಿದಿದ್ದಳು.

"ಲಿಂಗ ಎಲ್ಲಿ ಒಗದಿ?" ಎಂದರು ಭಾವ ಅವಳಿಗೆ.

ಅವಳಿಗೆ "ಎಲ್ಲಿ" ಎಂಬ ಮಾತು ಗೊತ್ತಿತ್ತು. ಮುಂದೆ ಬಂದು ಅಂಗೈ ಬಿಚ್ಚಿದಳು. ಕರಡಿಗೆ ಅಲ್ಲಿತ್ತು. ಆಗಿನಿಂದ ಅದನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಬಾರದು ಎಂದು ತಿಳಿಯದೆ, ನರ್ಸಿಗೂ ಕೊಡದೆ ಹಿಡಿದುಕೊಂಡೇ ಇದ್ದಳು. ಬಿಗಿ ಹಿಡಿದು ಅಂಗೈ ತುಂಬ ಬೆವರು, ನಡುವೆ ಕರಡಿಗೆಯ ಅಂಚು ಒತ್ತಿದ ಗುರುತು. ಭಾವನ ಮುಖ ನೋಡಿ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು:

"ಕೆಳಗ ಇಡಬಾರದು."

ಭಾವ ಎರಡೂ ಕೈ ಒಡ್ಡಿ ಕರಡಿಗೆ ತಗೊಂಡು ಕಣ್ಣಿಗೆ ಒತ್ತಿಕೊಂಡರು, ಅಲ್ಲೇ ಕುರ್ಚಿಯ ಮೇಲೆ ಕುಳಿತುಬಿಟ್ಟರು. ಅತ್ತೆ ಅವಳಿಗೆ ಕಲಿಸಿದ್ದನ್ನು ನಾನು ಹೇಳಿದೆ. ರಕ್ತದ ಟ್ರೇ, ಎತ್ತಿ ಹಿಡಿದ ಎಡಗೈ, ನಾನು ಕಂಡದ್ದೆಲ್ಲ ಹೇಳಿದೆ. ಆಗ ಡಾಕ್ಟರಿಗೂ ಬಾಯಿ ಬಂತು. "ತೆಗೀರಿ ಅಂದಾವ ನಾನೇರಿ. ಅಕಿದೇನೂ ತಪ್ಪಿಲ್ಲ" ಎಂದರು. ಮೊದಲೇ ಅನ್ನಬಹುದಿತ್ತು, ಇರಲಿ.

ಆದರೂ ಭಾವನ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ಮಠದ ಸ್ವಾಮಿಗಳನ್ನು ಕರೆಸಿ, ಶುದ್ಧಿ ಮಾಡಿಸಿಯೇ ಲಿಂಗ ಕಟ್ಟಬೇಕು ಎಂದು ತಾಯಿಯ ಹತ್ತಿರ ಹೋಗಿ ಹೇಳಿದರು. ಅತ್ತೆ ಕಣ್ಣು ಅರ್ಧ ತೆರೆದು ಎಲ್ಲ ಕೇಳಿದರು. ದನಿ ಹೊರಡುತ್ತಿರಲಿಲ್ಲ, ನಾವು ಬಗ್ಗಿ ಕಿವಿಗೊಟ್ಟೆವು.

"ನಾವರೆ ಪೂಜಿ ಅಂತ ಮತ್ತೇನ್ ಮಾಡ್ತೇವೋ ಶಿವಶರಣಾ? ಎಡ ಅಂಗೈಯಾಗ ಇಟಗೊಂಡು ಕುಂದರ್ತೇವಿ. ಅಕಿನೂ ಅಷ್ಟೇ ಮಾಡ್ಯಾಳ. ಕತ್ತರಿಸಿದಾಕೀನೇ ಕಟ್ಟಲಿ."

ನಾನು ಮನೆಗೆ ಹೋಗಿ ಹೊಸ ಶಿವದಾರ ತಂದೆ. ಹಿಬಾ ಒಮ್ಮೆ ಭಾವನ ಮುಖ ನೋಡಿದಳು. ಅವರು ಕರಡಿಗೆಯನ್ನು ಅವಳ ಕೈಗೆ ಕೊಟ್ಟರು. ಅವಳು ದಾರ ಪೋಣಿಸಿ ಅತ್ತೆಯ ಕೊರಳಿಗೆ ಕಟ್ಟಿದಳು, ಅದೂ ಗಾಯ ಹೊಲಿದು ಹಾಕುವ ಗಂಟು. ಅವಳಿಗೆ ಬರುತ್ತಿದ್ದದ್ದು ಅದೇ. ಅದನ್ನು ನೋಡಿ ನರ್ಸ್ ನಕ್ಕಳು, ಅತ್ತೆ ನಕ್ಕರು, ಕೊನೆಗೆ ಭಾವನೂ ಮೀಸೆಯಲ್ಲೇ ನಕ್ಕರು.

ಹಿಬಾ ಟ್ರೇನಿಂಗ್ ಪೂರ್ತಿ ಮುಗಿಸಿಯೇ ಹೋದಳು. ಹೋಗುವ ದಿನ ಭಾವ ಸರಸಂಬಾದಿಂದ ಒಂದು ಗಂಟು ಜೋಳದ ಹಿಟ್ಟು ತಂದು, "ನಿಮ್ಮವ್ವಗ ಕೊಡು" ಎಂದರು. ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂದು ನಾವು ಯಾರೂ ಯೋಚಿಸಲಿಲ್ಲ. ಈಗ ಅವಳು ಡಾಕ್ಟರ್. ತನ್ನ ದೇಶದಿಂದ ಓಡಿಬಂದ ಜನ ತುಂಬಿರುವ ಕಡೆ ಕೆಲಸ ಮಾಡುತ್ತಾಳೆ. ಪುರಸೊತ್ತಾದಾಗ ಫೋನ್ ಮಾಡಿ "ಊಟ ಆತೇನ್ರಿ?" ಎಂದು ಕೇಳುತ್ತಾಳೆ.

ಅತ್ತೆ ತಮ್ಮ ಶಿವದಾರದ ಆ ಗಂಟನ್ನು ಬದಲಿಸಲು ಬಿಡಲೇ ಇಲ್ಲ. ದಾರ ಮಾಸಿ ಕರ್ರಗಾದರೂ "ಇರಲಿ ತಗೋ" ಎನ್ನುವರು. ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ, ಪೂಜೆ ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲ. ನಮ್ಮ ಪದ್ಧತಿಯಂತೆ ಸ್ವಾಮಿಗಳು ಕರಡಿಗೆಯಿಂದ ಲಿಂಗ ತೆಗೆದು ಅವರ ಎಡ ಅಂಗೈಯಲ್ಲಿ ಇಟ್ಟರು. ಕೊರಳ ದಾರ ಬಿಚ್ಚಲು ಹೋದರೆ ಗಂಟು ಬಿಚ್ಚಲಿಲ್ಲ. ಯಾರೋ ಕತ್ತರಿ ಕೇಳಿದರು. ಭಾವ ಅಡ್ಡ ಬಂದರು.

"ಕತ್ತರಿ ಬ್ಯಾಡ. ಡಾಕ್ಟರವ್ವ ಕಟ್ಟಿದ್ದು. ಹಂಗೇ ಇರಲಿ."

ಸಾವಿನ ಕಾರ್ಯಗಳೆಲ್ಲ ಮುಗಿದ ಮೇಲೆ ಹಿಬಾಗೆ ಫೋನ್ ಮಾಡಿ ಹೇಳಿದೆ. ಅವಳು ಮೆಲ್ಲಗೆ ಕೇಳಿದಳು:

"ಕೆಳಗ ಇಟ್ಟಿಲ್ಲಲ್ಲಾ?"

"ಇಲ್ಲ ಯವ್ವಾ, ಅಂಗೈಯಾಗೇ ಇಟ್ಟೇವಿ" ಎಂದೆ. ಮಣ್ಣು ಮಾಡುವಾಗಲೂ ತಡೆದುಕೊಂಡಿದ್ದ ಅಳು ಆಗ ಬಂತು. ಹಿಟ್ಟಿನ ಕೈಯಲ್ಲಿ ಫೋನ್ ಹಿಡಿದುಕೊಂಡು, ಅತ್ತೆಯ ಒರಳ ಪಕ್ಕದಲ್ಲೇ ಕುಳಿತುಬಿಟ್ಟೆ.